ಕಂಪ್ಯೂಟರ್ ಕೋಣೆಯ ಕೀಲಿ ನನ್ನ ಕೈಯಲ್ಲಿತ್ತು

ನಾನು ಮಾಡದೆ ಬಿಟ್ಟ ಕೆಲಸವನ್ನು ಮೊದಲೇ ಹೇಳಿಬಿಡುತ್ತೇನೆ. ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರರ ಕೋಣೆಯಲ್ಲಿ ನಾನು ಚಹಾದ ತಾಟು ಹಿಡಿದುಕೊಂಡು ನಿಂತಿದ್ದೆ. ಮೇಜಿನ ಆಚೆ ನನ್ನ ತಂಗಿ ಕೂತಿದ್ದಳು. ಅವಳು ಮಾಡದ ತಪ್ಪನ್ನು ಅವಳ ಮೇಲೆ ಹಾಕುತ್ತಿದ್ದರು. ಆ ತಪ್ಪು ಯಾರದು ಎಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ, ಯಾಕೆಂದರೆ ಅದನ್ನು ಮಾಡಿದವನು ನಾನು. ‘ಸರ್, ಅದು ನಾ ಮಾಡಿದ್ದು’ ಎಂದಿದ್ದರೆ ಮುಗಿಯುತ್ತಿತ್ತು. ನಾನು ಕಪ್ಪುಗಳನ್ನು ಒಟ್ಟು ಮಾಡಿಕೊಂಡು ಹೊರಗೆ ಬಂದೆ.

ಶಾಲೆ, ಆಫೀಸುಗಳಲ್ಲಿ ಹೊಸದಾಗಿ ಸಿಪಾಯಿ ನೌಕರಿಗೆ ಸೇರುವ ಹುಡುಗರಿಗಾಗಿ ಏನಾದರೂ ಬರೆದು ಕೊಡು ಎಂದು ನಮ್ಮ ನಿವೃತ್ತರ ಗುಂಪಿನವರು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ತಾಟು. ತಂಗಿಯನ್ನು ಕೇಳಿದೆ. ಅವಳ ಹೆಸರು ಗಿರಿಜಾ, ನನಗಿಂತ ಒಂಬತ್ತು ವರ್ಷ ಚಿಕ್ಕವಳು, ಲೆಕ್ಕದ ಟೀಚರ್. “ಬರಿ ಅಣ್ಣಾ, ಆದ್ರ ಸಾಲು ಬಿಡಬ್ಯಾಡ,” ಅಂದಳು. ಲೆಕ್ಕ ಬಿಡಿಸುವಾಗ ನಡುವಿನ ಸಾಲು ಬಿಟ್ಟು ಉತ್ತರಕ್ಕೆ ಹಾರಿದ ಮಕ್ಕಳಿಗೆ ಅವಳು ಹೇಳುವ ಮಾತು ಅದು.

ನಾನು ಓದಿದ್ದು ಕಡಿಮೆ. ಏಳನೆಯ ತರಗತಿಯ ಕೊನೆಗೆ ಬರುತ್ತಿದ್ದ ಮುಲ್ಕಿ ಪರೀಕ್ಷೆಗೆ ಎರಡು ಸಲ ಕೂತೆ, ಎರಡು ಸಲವೂ ಲೆಕ್ಕದಲ್ಲಿ ಬಿದ್ದೆ. ಮೂರನೆಯ ಸಲ ಅಪ್ಪ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಪ್ಪ ಅದೇ ಹೈಸ್ಕೂಲಿನಲ್ಲಿ ಸಿಪಾಯಿ ಆಗಿದ್ದರು. ನೌಕರಿಯಲ್ಲಿದ್ದಾಗಲೇ ತೀರಿಕೊಂಡರು. ಅನುಕಂಪದ ಮೇಲೆ ಅವರ ಜಾಗ ನನಗೆ ಬಂತು. ಆಗ ಅಷ್ಟು ಓದು ಸಾಕಿತ್ತು. ಸಿಪಾಯಿಯಾಗಿ ಸೇರಿ ಮೂವತ್ತನಾಲ್ಕು ವರ್ಷದ ಮೇಲೆ ಸಿಪಾಯಿಯಾಗಿಯೇ ಇಳಿದೆ, ಆದ್ದರಿಂದ ಬಡ್ತಿಯ ಬಗ್ಗೆ ಬರೆಯುವುದು ಏನೂ ಇಲ್ಲ.

ನಮ್ಮ ಶಾಲೆ ನವಲಗುಂದದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಸುತ್ತಲೂ ಎರೆ ಹೊಲ. ಮಳೆಗಾಲದಲ್ಲಿ ಮಕ್ಕಳ ಚಪ್ಪಲಿಗೆ ಅಂಟಿದ ಮಣ್ಣು ಕೆರೆದು ತೆಗೆಯುವುದೇ ಅರ್ಧ ದಿನದ ಕೆಲಸ. ಸಿಪಾಯಿ ಎಂದರೆ ಗಂಟೆ ಬಾರಿಸುವವನು ಎಂದು ಜನ ತಿಳಿದಿರುತ್ತಾರೆ. ನಿಜವಾಗಿ ಅದು ನೆನಪಿನ ಕೆಲಸ. ನನ್ನ ಸೊಂಟದ ಗೊಂಚಲಿನಲ್ಲಿ ಇಪ್ಪತ್ಮೂರು ಕೀಲಿಗಳು. ಯಾವುದಕ್ಕೂ ಚೀಟಿ ಇರಲಿಲ್ಲ. ಕೈಗೆ ತಾಗಿದರೆ ಇದು ಗ್ರಂಥಾಲಯದ್ದು, ಇದು ಅಕ್ಕಿಯ ಕೋಣೆಯದು ಎಂದು ಗೊತ್ತಾಗುತ್ತಿತ್ತು. ಹನ್ನೊಂದು ಮಂದಿ ಶಿಕ್ಷಕರ ಚಹಾ ಬೇರೆ. ಒಬ್ಬರಿಗೆ ಸಕ್ಕರೆ ಇಲ್ಲ, ಒಬ್ಬರಿಗೆ ಅರ್ಧ, ಇಬ್ಬರಿಗೆ ಖಡಕ್, ಹಿಂದಿ ಮಾಸ್ತರರಿಗೆ ಸೋಮವಾರ ಹಾಲಿಲ್ಲದ್ದು. ಯಾರು ಯಾವ ತರಗತಿಯಲ್ಲಿ ಇದ್ದಾರೆ ಎಂಬುದೂ ತಲೆಯಲ್ಲೇ ಇರಬೇಕು. ಲೆಕ್ಕದಲ್ಲಿ ಬಿದ್ದವನಿಗೆ ಇದೆಲ್ಲ ಹೇಗೆ ನಿಲ್ಲುತ್ತಿತ್ತೋ ನನಗೂ ತಿಳಿಯದು.

ತಪ್ಪುಗಳು ಆಗಲಿಲ್ಲವೆಂದಲ್ಲ. ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ಮೂರಕ್ಕೆ ನಾಲ್ಕು ಎಂದು ತಿಳಿದು ಕೊನೆಯ ಗಂಟೆ ಬಾರಿಸಿಬಿಟ್ಟೆ. ಇಡೀ ಶಾಲೆ ಎರಡು ನಿಮಿಷದಲ್ಲಿ ಖಾಲಿಯಾಯಿತು. ಆಗಿನ ಹೆಡ್‌ಮಾಸ್ತರರು ವರಾಂಡಕ್ಕೆ ಬಂದು ನೋಡಿದರು, ಮಕ್ಕಳ ಧೂಳು ಮಾತ್ರ ಕಂಡಿತು.

“ಫಕೀರಪ್ಪ, ನಾಳೆ ಮುಂಜಾನೆ ಗಂಟಿ ಒಂದು ತಾಸು ಲಗೂ ಬಾರಸು. ಇವತ್ತು ಓಡಿಹೋದ ತಾಸು ನಾಳೆ ಹೊಳ್ಳಿ ಬರಲಿ,” ಅಂದರು.

ಸಿಟ್ಟು ಇಷ್ಟೇ. ಆದರೆ ದಾಖಲೆಯ ವಿಷಯದಲ್ಲಿ ಅವರು ಕಲ್ಲಿನಂಥವರು. ಹಾಜರಿ ಪುಸ್ತಕದ ಚೌಕಕ್ಕೆ ಅವರು ಮನೆ ಅನ್ನುತ್ತಿದ್ದರು. “ರಿಜಿಸ್ಟರಿನಾಗ ಖಾಲಿ ಮನಿ ಇರಬಾರದು ನೋಡು. ಖಾಲಿ ಮನಿ ಕಂಡ್ರ ತಪಾಸಣಿಗೆ ಬಂದ ಸಾಹೇಬ್ರು ಅಲ್ಲೇ ಬಿಡಾರ ಹೂಡತಾರ.” ಆ ಮಾತು ನನ್ನ ಮೈಗೆ ಹತ್ತಿತು. ಮುಂದೆ ಎಷ್ಟೋ ಹೆಡ್‌ಮಾಸ್ತರರು ಬಂದರು, ಹೋದರು. ಖಾಲಿ ಚೌಕ ಕಂಡರೆ ನನ್ನ ಕೈ ತಡೆಯುತ್ತಿರಲಿಲ್ಲ. ನೀರಿನ ಟ್ಯಾಂಕು ತೊಳೆದ ದಿನಾಂಕ ಮರೆತಿದ್ದರೆ ಒಂದು ದಿನಾಂಕ ಹಾಕುತ್ತಿದ್ದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂಬುದೇ ನನ್ನನ್ನು ಕೆಡಿಸಿತು.

ನಾನು ಇಳಿಯುವುದಕ್ಕೆ ಹನ್ನೊಂದು ವರ್ಷ ಮೊದಲು ಗಿರಿಜಾ ವರ್ಗವಾಗಿ ನಮ್ಮ ಶಾಲೆಗೇ ಬಂದಳು. ಅವಳ ಗಂಡನ ಅಂಗಡಿ ನವಲಗುಂದದಲ್ಲಿ, ಹಾಗಾಗಿ ಅವಳಿಗೆ ಅನುಕೂಲವೂ ಆಯಿತು. ಮೊದಲ ದಿನ ನಾನು ತಾಟು ಹಿಡಿದು ಶಿಕ್ಷಕರ ಕೋಣೆಗೆ ಹೋಗಿ, ಎಲ್ಲರ ಮುಂದೆ ಏನೆಂದು ಕರೆಯಬೇಕು ಎಂದು ತಿಳಿಯದೆ, “ಟೀಚರ್ರೀ, ಚಾ ತಗೋರಿ,” ಅಂದೆ. ಅವಳು ಎದ್ದು ನನ್ನ ಹಿಂದೆಯೇ ಚಹಾ ಕಾಸುವ ತಗಡಿನ ಶೆಡ್ಡಿಗೆ ಬಂದಳು.

“ಅಣ್ಣಾ, ನೀ ನನಗ ತಾಟಿನ್ಯಾಗ ತರಬ್ಯಾಡ. ನಾನ ಇಲ್ಲಿಗೆ ಬಂದು ಕುಡೀತೀನಿ.”

“ಯಾಕ, ನನ್ನ ಕೈ ಚಾ ಸೇರೂದಿಲ್ಲೇನು?”

“ನೀ ನನ್ನ ಹೆಗಲ ಮ್ಯಾಲೆ ಹೊತ್ತು ಸಾಲಿಗೆ ಬಿಟ್ಟು ಬಂದಾಂವ. ನೀ ಬಾಗಿ ಕೊಟ್ಟ ಚಾ ನನ್ನ ಗಂಟಲದಾಗ ಇಳಿಯೂದಿಲ್ಲ.”

ಅಂದಿನಿಂದ ಅವಳ ಕಪ್ಪು ಶೆಡ್ಡಿನಲ್ಲೇ. ಒಲೆಯ ಬಾಜು ನಿಂತು ಕುಡಿದು ತಾನೇ ತೊಳೆದಿಟ್ಟು ಹೋಗುತ್ತಿದ್ದಳು.

ಅವಳ ಪಾಠದ ಒಂದು ಪದ್ಧತಿ ಇತ್ತು. ಯಾವುದಾದರೂ ಮಗು ಕರಿಹಲಗೆಯ ಮೇಲೆ ಲೆಕ್ಕ ತಪ್ಪಿದರೆ ಅದನ್ನು ಒರೆಸಲು ಬಿಡುತ್ತಿರಲಿಲ್ಲ. ಬಲಗಡೆಯ ಮೂಲೆಯಲ್ಲಿ ಆ ತಪ್ಪು ಲೆಕ್ಕ ಹಾಗೆಯೇ ಇರಬೇಕು. ಮಗು ತಾನೇ ಬಂದು ‘ಟೀಚರ್, ಈ ಸಾಲಿನ್ಯಾಗ ತಪ್ಪೀನ್ರಿ’ ಎಂದು ಬೆರಳಿಟ್ಟು ತೋರಿಸುವವರೆಗೆ ಎರಡು ದಿನವಾಗಲಿ, ನಾಲ್ಕು ದಿನವಾಗಲಿ. ಹಲಗೆ ಒರೆಸುವವನು ನಾನು. “ಅಣ್ಣಾ, ಆ ಮೂಲಿ ಮುಟ್ಟಬ್ಯಾಡ,” ಅನ್ನುತ್ತಿದ್ದಳು. ಉಳಿದ ಹಲಗೆಯನ್ನೆಲ್ಲ ಒರೆಸಿ ಆ ಮೂಲೆಯನ್ನು ಬಿಟ್ಟು ಬರುತ್ತಿದ್ದೆ. ಮೂಲೆಯಲ್ಲಿ ತನ್ನ ಲೆಕ್ಕ ಇದೆ ಎಂದು ಮಕ್ಕಳು ನಾಚುತ್ತಿರಲಿಲ್ಲ. “ಇವತ್ತ ಮೂಲ್ಯಾಗ ನಂದೈತಿ ಕಾಕಾ,” ಎಂದು ನನಗೆ ಹೇಳಿ ನಗುತ್ತಿದ್ದರು.

ಈಗ ಕಂಪ್ಯೂಟರಿನ ವಿಷಯ. ನಾನು ಸೇರಿದಾಗ ಪ್ರಶ್ನೆಪತ್ರಿಕೆಯನ್ನು ಮೇಣದ ಹಾಳೆಯ ಮೇಲೆ ಕೊರೆದು ಸೈಕ್ಲೋಸ್ಟೈಲ್ ಯಂತ್ರ ತಿರುಗಿಸುತ್ತಿದ್ದೆವು. ಅಂಗೈಯ ಮಸಿ ಮೂರು ದಿನ ಹೋಗುತ್ತಿರಲಿಲ್ಲ. ಆಮೇಲೆ ಝೆರಾಕ್ಸ್ ಬಂತು. ಆಮೇಲೆ ಒಂದು ದಿನ ಹತ್ತು ಕಂಪ್ಯೂಟರುಗಳು ಬಂದವು. ಅವುಗಳನ್ನು ಕಲಿಸಲು ಬಂದ ಹುಡುಗನ ಗುತ್ತಿಗೆ ಮುಗಿದ ಮೇಲೆ ಕೋಣೆಗೆ ಕೀಲಿ ಬಿತ್ತು. ಪ್ರತಿ ಶನಿವಾರ ನಾನು ಹೋಗಿ ಧೂಳು ಒರೆಸಿ, ಬಟ್ಟೆ ಹೊದಿಸಿ ಬರುತ್ತಿದ್ದೆ. ನಾಲ್ಕೈದು ವರ್ಷ ಹಾಗೇ ನಡೆಯಿತು.

ಒಂದು ವರ್ಷ ದೀಪಾವಳಿ ಮುಗಿದ ಮೇಲೆ ಹುಬ್ಬಳ್ಳಿಯ ಒಂದು ಸಂಸ್ಥೆಯಿಂದ ಅಶ್ವಿನಿ ಎಂಬ ಹುಡುಗಿ ಬಂದಳು. ಲೆಕ್ಕದಲ್ಲಿ ಹಿಂದುಳಿದ ಮಕ್ಕಳಿಗೆ ಕಂಪ್ಯೂಟರಿನಲ್ಲಿ ನೆನಪಿನ ಅಭ್ಯಾಸ ಮಾಡಿಸುವ ಯೋಜನೆ. ಅವಳು ಹೇಳಿದ್ದು ನನಗೂ ಅರ್ಥವಾಯಿತು. ಕೆಲವು ಮಕ್ಕಳು ಕೂಡಿಸುವುದನ್ನು ಬಲ್ಲರು, ಆದರೆ ಎಡಗಡೆಗೆ ಒಯ್ಯಬೇಕಾದ ಒಂದನ್ನು ಅಲ್ಲಿಗೆ ಹೋಗುವಷ್ಟರಲ್ಲಿ ಮರೆಯುತ್ತಾರೆ. ಕ್ಷಣಹೊತ್ತು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಆ ಶಕ್ತಿಯನ್ನು ಆಟದಿಂದ ಬೆಳೆಸಬಹುದೇ, ಬೆಳೆದರೆ ಅದು ಲೆಕ್ಕಕ್ಕೆ ಉಪಯೋಗ ಆಗುತ್ತದೆಯೇ ಎಂದು ನೋಡುವುದು ಅವರ ಉದ್ದೇಶ.

ಆಟಗಳು ಸರಳ. ಪರದೆಯ ಮೇಲೆ ಹದಿನಾರು ಚೌಕ. ಒಂದೊಂದಾಗಿ ಕೆಲವು ಹೊಳೆಯುತ್ತವೆ, ಅದೇ ಕ್ರಮದಲ್ಲಿ ಒತ್ತಬೇಕು. ಇನ್ನೊಂದರಲ್ಲಿ ಅಂಕಿಗಳನ್ನು ಹೇಳುತ್ತದೆ, ಅವುಗಳನ್ನು ಹಿಂದುಮುಂದಾಗಿ ಒತ್ತಬೇಕು. ಸರಿಯಾದರೆ ‘ಶಾಬಾಶ್’ ಎಂಬ ದನಿ, ಮುಂದಿನ ಸಲ ಒಂದು ಚೌಕ ಹೆಚ್ಚು. ತಪ್ಪಿದರೆ ಡೊಳ್ಳು ಬಡಿದಂತೆ ‘ಡುಂ’, ಒಂದು ಮೆಟ್ಟಿಲು ಕೆಳಗೆ. ಮಗುವಿನ ಶಕ್ತಿ ಎಷ್ಟಿದೆಯೋ ಅಷ್ಟರಲ್ಲೇ ಅದು ಮಗುವನ್ನು ಇಡುತ್ತದೆ.

ಗಿರಿಜಾ ಎಂಟನೆಯ ತರಗತಿಯಿಂದ ಹದಿನಾಲ್ಕು ಮಕ್ಕಳನ್ನು ಆರಿಸಿದಳು. ಎಂಟು ವಾರ, ದಿನಾ ಊಟದ ಬಿಡುವಿನ ಮೇಲೆ ಅರ್ಧ ಗಂಟೆ, ಎರಡು ಸರದಿ. ಯಾವ ಶಿಕ್ಷಕರಿಗೂ ಆ ಹೊತ್ತು ಬಿಡುವಿರಲಿಲ್ಲ. “ಫಕೀರಪ್ಪ, ನೀನ ಕುಂಡ್ರು. ಹೆಂಗೂ ಕೀಲಿ ನಿನ್ನ ಕಡೇನ ಐತಿ,” ಅಂದರು ಆಗಿನ ಹೆಡ್‌ಮಾಸ್ತರ್ ಪಾಟೀಲ ಸರ್.

ಅಶ್ವಿನಿ ನನಗೆ ಒಂದೇ ಮಾತು ಹೇಳಿದಳು. “ಕಾಕಾ, ಯಾರೂ ಮಕ್ಕಳಿಗೆ ಹೇಳಿಕೊಡಬಾರದು. ತಪ್ಪಿದ್ರ ತಪ್ಪಲಿ. ತಪ್ಪು ನೋಡೇ ಕಂಪ್ಯೂಟರ್ ಮಗೂನ್ನ ಅಳೀತದ. ಇಷ್ಟ ನೋಡ್ರಿ ನಿಮ್ಮ ಕೆಲಸ.”

“ಬಾಯಿಗೆ ಕೀಲಿ ಹಾಕೀನಿ ತಿಳೀರಿ ಮೇಡಂ,” ಅಂದೆ.

ಮೊದಲ ಎರಡು ವಾರ ನಿಯತ್ತಾಗಿ ಕೂತೆ. ಮಕ್ಕಳು ಬಾಯಲ್ಲಿ ಗೊಣಗುತ್ತ, ಬೆರಳಿನಿಂದ ತೊಡೆಯ ಮೇಲೆ ಗುರುತು ಹಾಕುತ್ತ ಆಡುತ್ತಿದ್ದರು. ಒಂದೊಂದು ಡುಂ ಕೇಳಿದಾಗಲೂ ನನಗೆ ಮುಲ್ಕಿಯ ಫಲಿತಾಂಶದ ದಿನ ನೆನಪಾಗುತ್ತಿತ್ತು. ಆದರೂ ಸುಮ್ಮನಿದ್ದೆ.

ಮೂರನೆಯ ವಾರ ಹತ್ತಿ ಬಿಡಿಸುವ ಕೆಲಸ ಜೋರಾಯಿತು. ನಮ್ಮ ಕಡೆ ಹತ್ತಿ ಒಡೆದ ಮೇಲೆ ಹುಡುಗಿಯರು ಶಾಲೆಗೆ ಬರುವುದು ಕಷ್ಟ. ತಿರ್ಲಾಪುರದ ಕಡೆಯ ಹೊಲಗಳಿಗೆ ಬೆಳಿಗ್ಗೆಯೇ ಟಂಟಂ ಗಾಡಿಯಲ್ಲಿ ಹೋಗಿಬಿಡುತ್ತಾರೆ. ನಾಲ್ಕು ಹುಡುಗಿಯರು ಬರಲಿಲ್ಲ. ಹೆಚ್ಚು ದಿನ ತಪ್ಪಿದವರ ಹೆಸರನ್ನು ಯೋಜನೆಯಿಂದ ಕೈಬಿಡುತ್ತಾರೆ ಎಂದು ಅಶ್ವಿನಿ ಹೇಳಿದ್ದಳು. ಗಿರಿಜಾ ಆ ನಾಲ್ವರ ಮನೆಗೆ ಹೋಗಿ ಬಂದಳು. “ಒಂದೆರಡು ವಾರ ಟೀಚರ್ರ, ಆಮ್ಯಾಲೆ ಕಳಸ್ತೀವಿ,” ಎಂದು ತಾಯಂದಿರು ಹೇಳಿದ್ದರು. ಅವಳು ಶೆಡ್ಡಿನಲ್ಲಿ ಚಹಾ ಹಿಡಿದು, “ಆ ರೇಷ್ಮಾ ಈಗ ಈಗ ಚೂರು ಚಿಗತಿದ್ಲಣ್ಣಾ. ಆಕಿ ಹೆಸರು ಹೋದ್ರ ನನಗ ಅಗದಿ ಕೆಟ್ಟ ಅನಸ್ತದ,” ಅಂದಳು.

ನನ್ನ ಮುಂದೆ ಹಾಜರಿ ಹಾಳೆ ಇತ್ತು. ನಾಲ್ಕು ಹೆಸರಿನ ಮುಂದೆ ಖಾಲಿ ಚೌಕಗಳು. ಪ್ರತಿ ಮಗು ಒತ್ತಬೇಕಾದ ಗುರುತಿನ ಸಂಖ್ಯೆಗಳನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಮಕ್ಕಳು ತರಗತಿಗೆ ಹೋದ ಮೇಲೆ ನಾನು ಬಾಗಿಲು ಮುಂದೆ ಮಾಡಿ, ರೇಷ್ಮಾಳ ಸಂಖ್ಯೆ ಒತ್ತಿ ಕೂತೆ. ಚೌಕ ತುಂಬಿಸುವುದಷ್ಟೇ ನನ್ನ ಉದ್ದೇಶವಾಗಿತ್ತು. ದೇವರಾಣೆಗೂ ಅಷ್ಟೇ.

ಆದರೆ ಆಟ ನನ್ನನ್ನು ಹಿಡಿಯಿತು. ಮೂರು ಚೌಕ, ನಾಲ್ಕು, ಐದು. ಅವು ನನಗೆ ಚೌಕಗಳಾಗಿ ಕಾಣಲಿಲ್ಲ. ಶಿಕ್ಷಕರ ಕೋಣೆಯ ಕುರ್ಚಿಗಳಾಗಿ ಕಂಡವು. ಇಲ್ಲಿ ಸಕ್ಕರೆ ಇಲ್ಲದ್ದು, ಅಲ್ಲಿ ಅರ್ಧ, ಆ ಮೂಲೆಗೆ ಖಡಕ್. ಆರು, ಏಳು. ‘ಶಾಬಾಶ್’ ಎಂದಿತು. ಲೆಕ್ಕದ ಹೆಸರಿನಲ್ಲಿ ನನಗೆ ಯಾರಾದರೂ ಶಾಬಾಶ್ ಅಂದದ್ದು ಅದೇ ಮೊದಲು. ಐವತ್ತೆಂಟು ವರ್ಷದ ಮನುಷ್ಯ ನಾನು, ಒಬ್ಬನೇ ಕೂತು ನಕ್ಕೆ. ಮರುದಿನ ಉಳಿದ ಮೂವರ ಹೆಸರಿನಲ್ಲೂ ಆಡಿದೆ. ಹತ್ತು ದಿನ ಹಾಗೆ ನಡೆಯಿತು. ಆ ಹೊತ್ತಿಗಾಗಿ ಬೆಳಿಗ್ಗೆಯಿಂದ ಕಾಯುತ್ತಿದ್ದೆ ಎಂಬುದನ್ನೂ ಇಲ್ಲಿ ಬರೆಯಬೇಕು.

ಹುಡುಗಿಯರು ತಿರುಗಿ ಬಂದರು. ಬೆರಳ ತುದಿಗಳಲ್ಲಿ ಹತ್ತಿಕಾಯಿಯ ಸಿಪ್ಪೆ ಗೀಚಿದ ಗಾಯ. ರೇಷ್ಮಾ ಕೂತಳು. ಅವಳು ಬಿಟ್ಟುಹೋದಾಗ ಮೂರು ಚೌಕದಲ್ಲಿ ಇದ್ದಳು. ಈಗ ಪರದೆ ಒಮ್ಮೆಲೆ ಎಂಟು ಚೌಕ ಹೊಳೆಸಿತು. ಡುಂ. ಏಳು. ಡುಂ. ಆರು. ಡುಂ. ಅವಳು ಒತ್ತುವುದನ್ನು ಬಿಟ್ಟು ಕೈ ಮಡಿಲಲ್ಲಿ ಇಟ್ಟುಕೊಂಡಳು.

“ಕಾಕಾ, ನಾ ಇರಲಾರದಾಗ ಇದು ಶಾಣ್ಯಾ ಆಗೇತಿ. ನಾ ದಡ್ಡಿ ಆಗೀನಿ. ನನಗ ಬ್ಯಾಡ ಇದು.”

ಆಗಲಾದರೂ ಅಶ್ವಿನಿಗೆ ಫೋನು ಮಾಡಿ ನಡೆದದ್ದನ್ನು ಹೇಳಬಹುದಿತ್ತು. ಮೊದಲಿಂದ ಆರಂಭಿಸುತ್ತಿದ್ದಳು, ಇಲ್ಲವೆ ನಾಲ್ಕು ಹೆಸರು ತೆಗೆಯುತ್ತಿದ್ದಳು, ಅಷ್ಟೇ. ನಾನು ಬೇರೆ ದಾರಿ ಹಿಡಿದೆ. ಪಕ್ಕದಲ್ಲಿದ್ದ ನೀರಿನ ಲೋಟಕ್ಕೆ ಬೆರಳು ಅದ್ದಿ, ಮುಂದಿನ ಅಂಕಿಯ ಆಟದಲ್ಲಿ ಕಂಪ್ಯೂಟರ್ ಹೇಳಿದ ಅಂಕಿಗಳನ್ನು ಅವಳ ಮುಂದೆ ಮೇಜಿನ ಮೇಲೆ ಬರೆದೆ. ಅವಳು ನನ್ನ ಮುಖ ನೋಡಿದಳು, ಮೇಜು ನೋಡಿದಳು, ಬಲದಿಂದ ಎಡಕ್ಕೆ ಒತ್ತಿದಳು. ಶಾಬಾಶ್. ಸ್ವಲ್ಪ ಹೊತ್ತಿಗೆ ನೀರು ಆರಿ ಮೇಜು ಮೊದಲಿನಂತೆ ಆಯಿತು.

ಒಬ್ಬಳಿಗೆ ಬರೆದರೆ ಉಳಿದವರು ಬಿಡುತ್ತಾರೆಯೇ? “ಕಾಕಾ, ನನಗೂ,” “ಕಾಕಾ, ನನಗ ಮೊದಲ.” ಕೊನೆಯ ಮೂರು ವಾರ ನಾನು ಲೋಟ ಹಿಡಿದು ಏಳು ಮೇಜಿಗೂ ಓಡಾಡಿದೆ. ಮಕ್ಕಳು ನಗುತ್ತಿದ್ದರು. ಗಿರಿಜಾ ಒಂದು ಸಲ ಕಿಟಕಿಯಿಂದ ಇಣುಕಿ, “ಏನಣ್ಣಾ, ನಿನ್ನ ಕ್ಲಾಸು ನನ್ನ ಕ್ಲಾಸಿಗಿಂತ ಖುಷಿ ಐತಿ,” ಎಂದು ಹೋದಳು. ನಾನು ಬೆರಳನ್ನು ಅಂಗಿಗೆ ಒರೆಸಿಕೊಂಡೆ.

ಮುಗಿದ ಮೇಲೆ ಅಶ್ವಿನಿ ಬಂದು ಎಲ್ಲವನ್ನೂ ತನ್ನ ಲ್ಯಾಪ್‌ಟಾಪಿಗೆ ತುಂಬಿಕೊಂಡಳು. ಸ್ವಲ್ಪ ಹೊತ್ತು ನೋಡಿ ಹುಬ್ಬು ಗಂಟು ಹಾಕಿದಳು.

“ಕಾಕಾ, ಈ ಹುಡುಗಿ ಒಂದಿನ ಹುಲಿ, ಒಂದಿನ ಬೆಕ್ಕು ಆಗ್ಯಾಳಲ್ಲ. ಮಕ್ಕಳು ತಾವ ಆಡಿದ್ರಲ್ಲಾ?”

“ಹೌದ್ರಿ ಮೇಡಂ. ಮಕ್ಕಳು ಹಂಗ ಇರ್ತಾವ್ರಿ, ಒಂದಿನ ಇದ್ದಂಗ ಒಂದಿನ ಇರೂದಿಲ್ಲ.”

ಅವಳು ನಂಬಿದಳು. ನನ್ನ ನರೆತ ಕೂದಲು ನೋಡಿ ನಂಬಿದಳು ಎಂದು ಈಗ ಅನಿಸುತ್ತದೆ.

ತಿಂಗಳ ಮೇಲೆ ಆ ಸಭೆ. ತಾಲೂಕಿನ ಒಬ್ಬ ಸಾಹೇಬರು, ಪಾಟೀಲ ಸರ್, ಅಶ್ವಿನಿ, ಗಿರಿಜಾ, ಇನ್ನಿಬ್ಬರು ಶಿಕ್ಷಕರು. ಗೋಡೆಯ ಮೇಲೆ ಎರಡು ಗೆರೆಗಳ ಚಿತ್ರ ಬಿತ್ತು. ನೆನಪಿನ ಗೆರೆ ಮೇಲಕ್ಕೆ ಹೋಗಿತ್ತು. ಅದೇ ಮಕ್ಕಳ ಲೆಕ್ಕದ ಪರೀಕ್ಷೆಯ ಗೆರೆ ನೆಲಕ್ಕೆ ಮಲಗಿತ್ತು. ನಾನು ತಾಟು ಹಿಡಿದು ಒಳಗೆ ಹೋದಾಗ ಸಾಹೇಬರು ಮಾತಾಡುತ್ತಿದ್ದರು.

“ಮಕ್ಕಳ ತಲಿ ತಯಾರಾಗೇತಿ, ಲೆಕ್ಕ ಮಾತ್ರ ಬಂದಿಲ್ಲ. ಹಂಗಾರ ನಡುವ ಕೆಟ್ಟಿದ್ದು ಎಲ್ಲಿ? ಕಲಸೂದ್ರಾಗ ಅಲ್ಲೇನು?”

ಅಶ್ವಿನಿ ಅಡ್ಡ ಬಂದಳು. “ಸರ್, ಹಂಗ ಹೇಳಾಕ ಬರೂದಿಲ್ಲ. ಆಟ ಆಡಿದ್ರ ಆಟ ಛಲೋ ಬರತದ. ಅದು ಲೆಕ್ಕಕ್ಕ ಹೊಂದತದೋ ಇಲ್ಲೋ ಅನ್ನೂದು ನಮಗೂ ಗೊತ್ತಿಲ್ಲ, ಅದನ್ನ ನೋಡಾಕ ಬಂದಿದ್ವಿ.”

“ಅದು ನಿಮ್ಮ ದೊಡ್ಡ ಮಾತಮ್ಮ. ನನಗ ಕಣ್ಣಿಗೆ ಕಾಣೂದು ಈ ಗೆರಿ. ಟೀಚರ್, ನೀವ ಹೇಳ್ರಿ.”

ಗಿರಿಜಾ ಆ ಗೆರೆಗಳನ್ನೇ ನೋಡುತ್ತಿದ್ದಳು. ತಪ್ಪಿದ ಸಾಲನ್ನು ಹುಡುಕುವವಳ ಹಾಗೆ ನೋಡುತ್ತಿದ್ದಳು. ಅಲ್ಲಿ ಅವಳಿಗೆ ಸಾಲು ಸಿಗಲಾರದು, ಅದು ಮೇಜಿನ ಮೇಲೆ ಆರಿ ಹೋಗಿತ್ತು. ಅವಳು ನಿಧಾನವಾಗಿ, “ಹೌದ್ರಿ ಸರ್. ನನ್ನ ಕಡೇನ ಏನೋ ಕಮ್ಮಿ ಬಿದ್ದೈತಿ,” ಅಂದಳು. ಅಂದು, ನನ್ನ ತಾಟಿನಿಂದ ಒಂದು ಕಪ್ಪು ತೆಗೆದುಕೊಂಡಳು. ಒಂಬತ್ತು ವರ್ಷ ಹತ್ತಿರ ಬಂದರೂ ಒಮ್ಮೆಯೂ ತೆಗೆದುಕೊಳ್ಳದವಳು, ಯಾರ ಕೈಯಿಂದ ತೆಗೆದುಕೊಳ್ಳುತ್ತಿದ್ದೇನೆ ಎಂಬ ಅರಿವಿಲ್ಲದೆ ತೆಗೆದುಕೊಂಡಳು. ನಾನು ಕಪ್ಪುಗಳನ್ನು ತಿರುಗಿ ಒಯ್ಯುವಾಗ ಅವಳದು ತುಂಬಿಯೇ ಇತ್ತು.

ಆಫೀಸಿನಲ್ಲಿ ಕೇಳಿದ್ದನ್ನು ಆಫೀಸಿನಲ್ಲೇ ಬಿಡಬೇಕು ಎಂದು ನನಗೆ ಮೊದಲಿನಿಂದ ಕಲಿಸಿದ್ದರು. ಸಿಪಾಯಿಗೆ ಅದು ಒಳ್ಳೆಯ ಗುಣ. ಅಂದು ಆ ಗುಣದ ಹಿಂದೆ ಅಡಗಿಕೊಂಡೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹೇಳಿದರೆ ನೋಟೀಸು, ಅಮಾನತು, ಊರವರ ಮುಂದೆ ನಗೆಪಾಟಲು. ಅದನ್ನೆಲ್ಲ ನೆನೆದೆ. ನನಗೆ ಆಗುವುದನ್ನು ಮಾತ್ರ ನೆನೆದೆ.

ಹತ್ತನೆಯ ತರಗತಿಯ ಲೆಕ್ಕವನ್ನು ಗಿರಿಜಾಳಿಂದ ತೆಗೆದರು. ಬೇಸಿಗೆ ಕಳೆದ ಮೇಲೆ ಅವಳನ್ನು ಕಲಘಟಗಿ ತಾಲೂಕಿನ ಒಂದು ಶಾಲೆಗೆ ನಿಯೋಜನೆಯ ಮೇಲೆ ಕಳಿಸಿದರು, ಮುಂದೆ ಅದು ಕಾಯಂ ಆಯಿತು. ಹೋಗುವ ಮುನ್ನಾ ದಿನ ನಾನು ಎಂಟನೆಯ ತರಗತಿಯ ಹಲಗೆ ಒರೆಸುತ್ತಿದ್ದೆ. ರೂಢಿಯಂತೆ ಮೂಲೆ ಬಿಟ್ಟೆ. ಅವಳು ಬಾಗಿಲಲ್ಲಿ ನಿಂತಿದ್ದಳು. “ಎಲ್ಲಾ ಒರಸಿಬಿಡಣ್ಣಾ,” ಅಂದಳು. ಒರೆಸಿದೆ.

ಕಲಘಟಗಿಯಲ್ಲಿ ಒಂದು ಕೋಣೆ ಹಿಡಿದು, ಸೋಮವಾರ ಬೆಳಿಗ್ಗೆ ಹೋಗಿ ಶನಿವಾರ ಬರತೊಡಗಿದಳು. ಪ್ರತಿ ಸೋಮವಾರ ನಾನು ನವಲಗುಂದಕ್ಕೆ ಹೋಗಿ ಅವಳ ಚೀಲ ಹೊತ್ತು ಬಸ್ ಹತ್ತಿಸಿ ಬರುತ್ತಿದ್ದೆ. ನಿವೃತ್ತನಾದ ಮೇಲೂ ತಪ್ಪಿಸಲಿಲ್ಲ. ಜನ, “ತಂಗಿ ಅಂದ್ರ ಎಷ್ಟ ಕಕ್ಕುಲಾತಿ,” ಅನ್ನುತ್ತಿದ್ದರು. ಪ್ರತಿ ಸೋಮವಾರ ಇವತ್ತು ಹೇಳುತ್ತೇನೆ ಎಂದುಕೊಂಡು ಹೋಗುತ್ತಿದ್ದೆ. ಕಿಟಕಿಯಲ್ಲಿ ಅವಳ ಮುಖ ಕಾಣುತ್ತಿತ್ತು, ಬಸ್ಸು ಹೊರಡುತ್ತಿತ್ತು. ಅಲ್ಲಿ ಅವಳು ಲೆಕ್ಕದ ತರಗತಿಗಳನ್ನು ಬೇಡಿ ಬೇಡಿ ಕಡಿಮೆ ಮಾಡಿಸಿಕೊಂಡು ವಿಜ್ಞಾನ ಕಲಿಸುತ್ತಿದ್ದಳೆಂದು ಅವಳ ಗಂಡನಿಂದ ತಿಳಿಯಿತು.

ಈಚೆಗೆ ಒಂದು ಭಾನುವಾರ ಅವಳೇ ಫೋನು ಮಾಡಿದಳು. “ಅಣ್ಣಾ, ನಾಳೆ ನೀನೂ ಬಾ ನನ್ನ ಜೋಡಿ. ಸ್ವಯಂ ನಿವೃತ್ತಿ ಅರ್ಜಿ ಕೊಡೂದೈತಿ. ಆಫೀಸಿನ ಕಾಗದಪತ್ರ ನಿನಗ ಗೊತ್ತು.”

ಮರುದಿನ ನವಲಗುಂದದ ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತೆವು. ಅರ್ಜಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಮಡಿಕೆ ಬೀಳದಂತೆ ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟೆ, ಕೈಗೆ ರೂಢಿ ಇತ್ತಲ್ಲ. ಅವಳಿಗೆ ಇನ್ನೂ ಆರು ವರ್ಷದ ಸೇವೆ ಇತ್ತು.

“ಯಾಕ ಬಿಡತೀ?” ಎಂದು ಕೇಳಿದೆ.

“ಕಲಸೂ ಧೈರ್ಯ ಇಲ್ಲಣ್ಣಾ. ಹಲಗಿ ಮುಂದ ನಿಂತ್ರ ಆ ಹದಿನಾಲ್ಕು ಮಕ್ಕಳು ಕಣ್ಣ ಮುಂದ ಬರತಾವ. ತಲಿ ತಯಾರಾಗಿ ನನ್ನ ಕಡೆ ಬಂದಿದ್ವು. ನನ್ನ ಕೈಯಾಗ ಕೆಟ್ಟುವು. ಎಲ್ಲಿ ತಪ್ಪಿದೆ ಅಂತ ಐದು ವರ್ಷಾತು ಹುಡಕಾಕತ್ತೀನಿ, ಸಾಲು ಸಿಗವಲ್ದು.”

ನಾನು ಪ್ಲಾಸ್ಟಿಕ್ ಹಾಳೆಯನ್ನು ಬೆಂಚಿನ ಮೇಲೆ ಇಟ್ಟೆ.

“ಗಿರಿಜಾ, ಆ ಕಂಪ್ಯೂಟರ್ ಆಟ ಮಕ್ಕಳ ಹೆಸರಿಲೆ ನಾ ಆಡಿದ್ದು.”

ಗದಗಿನ ಬಸ್ಸು ಹಿಂದಕ್ಕೆ ಸರಿಯುತ್ತಿತ್ತು, ಮೈಕಿನಲ್ಲಿ ಏನೋ ಕೂಗುತ್ತಿದ್ದರು. “ಏನು? ಜೋರ್ ಹೇಳು, ಕೇಳವಲ್ದು,” ಅಂದಳು.

ಜೋರಾಗಿ ಹೇಳಿದೆ. ಶೇಂಗಾ ಮಾರುವವನು ತಿರುಗಿ ನೋಡಿದ. ಅವಳು ಮೊದಲು ನಕ್ಕಳು, ನಾನು ಅವಳನ್ನು ತಡೆಯಲು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ತರಗತಿಯಲ್ಲಿ ಕೇಳುವ ದನಿಯಲ್ಲೇ ಒಂದೊಂದಾಗಿ ಕೇಳಿದಳು.

“ಯಾರ್ಯಾರ ಹೆಸರಿಲೆ ಆಡಿದಿ?”

ಹೇಳಿದೆ.

“ಎಷ್ಟು ದಿನ?”

“ಹತ್ತು ದಿನ. ಆಮ್ಯಾಲೆ ಮೂರು ವಾರ ಎಲ್ಲಾರಿಗೂ ನೀರಿನ್ಯಾಗ ಬರದು ತೋರಿಸಿದೆ.”

“ಅಂದ್ರ ಆ ಮಕ್ಕಳ ನೆನಪು ಬೆಳದೇ ಇರಲಿಲ್ಲ.”

“ಬೆಳದಿತ್ತೋ ಇಲ್ಲೋ ಯಾರಿಗೂ ಗೊತ್ತಾಗದಂಗ ಮಾಡಿದೆ.”

“ಮೀಟಿಂಗಿನ ದಿನ ನಿನಗ ಗೊತ್ತಿತ್ತು.”

“ಗೊತ್ತಿತ್ತು.”

“ತಾಟ ಹಿಡಕೊಂಡು ನಿಂತಿದ್ದಿ.”

“ನಿಂತಿದ್ದೆ.”

ನಾವು ಹತ್ತಬೇಕಾಗಿದ್ದ ಹುಬ್ಬಳ್ಳಿಯ ಬಸ್ಸು ಬಂದು ನಿಂತಿತು. ಕಂಡಕ್ಟರ್, “ಲಗೂ ಹತ್ರಿ ಅಕ್ಕಾರ, ಜಾಗಾ ಐತಿ,” ಎಂದು ಕರೆದ. ಅವಳು ಏಳಲಿಲ್ಲ. ಬಸ್ಸು ಹೋಯಿತು. ಅವಳು ನನ್ನ ಕಡೆ ತಿರುಗಿದಳು.

“ಎಲ್ಲಿ ತಪ್ಪಿದಿ ಅನ್ನೂದು ತೋರಿಸಿದಿ. ಅಲ್ಲಿಗೆ ನಿಂದ್ರಬ್ಯಾಡ. ಮುಂದಿನ ಸಾಲು?”

ಸುತ್ತ ಜನರಿದ್ದರು. ನನ್ನ ಗುರುತಿನವರೂ ಇದ್ದರು, ನಮ್ಮ ಶಾಲೆಯಲ್ಲಿ ಓದಿದ ಒಬ್ಬಿಬ್ಬರೂ ಇದ್ದರು. ನಾನು ಎದ್ದು ನಿಂತೆ. ಮೈಕಿನ ದನಿಯನ್ನು ಮೀರಿ ಅವಳಿಗೆ ಕೇಳುವ ಹಾಗೆ ಹೇಳಿದೆ.

“ತಪ್ಪು ನಂದು, ಗಿರಿಜಾ. ಆ ಮಕ್ಕಳು ನಿನ್ನ ಕೈಯಾಗ ಕೆಟ್ಟಿಲ್ಲ. ನೀ ಕಲಿಸಿದ್ದು ಸರಿ ಇತ್ತು. ಐದು ವರ್ಷ ನಿನ್ನ ಚೀಲಾ ಹೊತ್ತು ಬಸ್ ಹತ್ತಿಸಿದೆ, ಇಷ್ಟು ಮಾತು ಹೇಳಲಿಲ್ಲ. ತಪ್ಪಾತು. ನನ್ನ ಕ್ಷಮಾ ಮಾಡವ್ವಾ.”